ಬೆಂಕಿ ಆರಿದ ಮೇಲೆ ಎಂಟು ಸೆಕೆಂಡು

ಮೇ ತಿಂಗಳ ಹೊಸಪೇಟೆಯಲ್ಲಿ ಫ್ಯಾನು ಆರಿಸಿ ಕೆಲಸಕ್ಕೆ ಕೂರುವುದು ಎಂದರೇನು ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿತ್ತಲಿನ ತಗಡಿನ ಶೆಡ್ಡು ಕಾದ ಹೆಂಚಾಗಿರುತ್ತದೆ. ಆದರೂ ಟಿಗ್ ವೆಲ್ಡಿಂಗಿನಲ್ಲಿ ನಾನು ಕಲಿತ ಮೊದಲ ಪಾಠ ಫ್ಯಾನಿನ ಸ್ವಿಚ್ಚಿನದೇ. ಟಾರ್ಚಿನ ಬಾಯಿಂದ ಆರ್ಗಾನ್ ಬರುವುದು ಬಹಳ ಮೆಲ್ಲಗೆ, ನಿಮಿಷಕ್ಕೆ ಏಳೆಂಟು ಲೀಟರ್. ಫ್ಯಾನು ಒಂದು ಸುತ್ತು ಬೀಸಿದರೆ ಅದು ಚದುರುತ್ತದೆ. ಕರಗಿದ ಲೋಹಕ್ಕೆ ಹೊರಗಿನ ಗಾಳಿ ತಾಗಿ ಬೆಸುಗೆಯ ತುಂಬ ಸೂಜಿ ಚುಚ್ಚಿದಂಥ ತೂತುಗಳು ಏಳುತ್ತವೆ. ಹಾಗಾಗಿ ನನ್ನ ಕಲಿಕೆ ನಡೆದದ್ದೆಲ್ಲ ಬೆಳಗಿನ ಐದರಿಂದ ಏಳರವರೆಗೆ. ಆಗ ಗಾಳಿಯೂ ತಣ್ಣಗೆ, ಕರೆಂಟಿನ ವೋಲ್ಟೇಜೂ ಸ್ಥಿರ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನು. ಆರ್ಗಾನ್ ಜಡ ಅನಿಲ, ಗಾಳಿಯಲ್ಲಿ ಅದರ ಪಾಲು ಶೇಕಡಾ 0.93 ಎಂದು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ಕೆಲಸ ಮಾಡುವುದನ್ನು ಮಾತ್ರ ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ. ಕಾಣುವಂತೆ ಮಾಡಿದ್ದು ನಮ್ಮಕ್ಕ. ಕಂಪ್ಲಿಯಲ್ಲಿ ಅವಳದೊಂದು ಖಾನಾವಳಿ. ಭತ್ತದ ಕೊಯ್ಲಿನ ದಿನಗಳಲ್ಲಿ ಅಲ್ಲಿ ಒಲೆ ಆರುವುದೇ ಇಲ್ಲ. 2024ರ ಏಪ್ರಿಲಿನಲ್ಲಿ ಅವಳ ದೊಡ್ಡ ಇಡ್ಲಿ ಪಾತ್ರೆ ತಳದ ಅಂಚಿನಲ್ಲಿ ಸೀಳು ಬಿಟ್ಟಿತು. ಅವ್ವನ ಕಾಲದ ಸ್ಟೀಲು ಪಾತ್ರೆ ಅದು. ಒಂದು ಅಂಗಡಿಯಲ್ಲಿ ರಾಡು ಹಚ್ಚಿ ನೋಡಿದರು, ಸೀಳು ಇದ್ದಲ್ಲಿ ತೂತೇ ಬಿತ್ತು. ಇನ್ನೊಂದು ಕಡೆ “ಇದಕ್ಕ ಆರ್ಗಾನ್ ವೆಲ್ಡಿಂಗ್ ಆಗಬೇಕ್ರಿ” ಎಂದು ವಾಪಸು ಕೊಟ್ಟರು. ನಮ್ಮ ಕಡೆ ಟಿಗ್‌ಗೆ ಇರುವ ಹೆಸರೇ ಅದು. “ನೀನು ಆರ್ಗಾನಿನ ಪಾಠ ಮಾಡೋನಲ್ಲೇನೋ?” ಎಂದಳು ಅಕ್ಕ. ಅವಳು ಕೇಳಿದ್ದು ಸಹಜವಾಗಿಯೇ. ನನಗೆ ಅದು ಒಳಗೆ ನಾಟಿತು.

ಒಂದು ಫೇಸಿನ ಕರೆಂಟಿಗೆ ನಡೆಯುವ 200 ಆಂಪಿಯರಿನ ಇನ್ವರ್ಟರ್ ಮೆಷಿನ್ನು ಕೊಂಡೆ, ಹತ್ತು ಲೀಟರಿನ ಪುಟ್ಟ ಸಿಲಿಂಡರು ತಂದೆ. ಪೂರ್ತಿ ತುಂಬಿದರೆ 150 ಬಾರ್ ಒತ್ತಡದಲ್ಲಿ ಸುಮಾರು 1,500 ಲೀಟರ್ ಅನಿಲ, ಅಂದರೆ ಮೂರು ತಾಸಿನ ಬೆಸುಗೆ. ಈ ವಿದ್ಯೆಯ ತಿರುಳು ಇಷ್ಟು: ರಾಡಿನ ವೆಲ್ಡಿಂಗಿನಲ್ಲಿ ಕಿಡಿ ಕೊಡುವ ರಾಡೇ ಕರಗಿ ಬೆಸುಗೆಯಾಗುತ್ತದೆ. ಟಿಗ್‌ನಲ್ಲಿ ಕಿಡಿ ಹುಟ್ಟುವುದು ಟಂಗ್‌ಸ್ಟನ್ ಸೂಜಿಯಿಂದ. ಟಂಗ್‌ಸ್ಟನ್ 3,422 ಡಿಗ್ರಿಯವರೆಗೆ ಕರಗುವುದಿಲ್ಲ. ಕಬ್ಬಿಣ 1,538ಕ್ಕೇ ನೀರಾಗುತ್ತದೆ. ಬಲಗೈಯ ಟಾರ್ಚು ಕರಗಿಸಬೇಕು, ಎಡಗೈಯ ತಂತಿ ತುಂಬಬೇಕು, ಅಷ್ಟೂ ಹೊತ್ತು ಆರ್ಗಾನ್ ಮೇಲೆ ಕೊಡೆ ಹಿಡಿದಿರಬೇಕು. ಎರಡನೇ ಮಹಾಯುದ್ಧದ ಕಾಲಕ್ಕೆ, 1941ರಲ್ಲಿ, ಅಮೆರಿಕದ ನಾರ್ತ್ರಾಪ್ ವಿಮಾನ ಕಂಪನಿಯ ರಸೆಲ್ ಮೆರಿಡಿತ್ ಇದನ್ನು ಒಂದು ಹದಕ್ಕೆ ತಂದದ್ದು ಕಾದಾಗ ಗಾಳಿ ಸೋಕಿದರೆ ಹೊತ್ತಿಕೊಳ್ಳುವ ಮೆಗ್ನೀಸಿಯಂ ಬೆಸೆಯಲಿಕ್ಕೆ. ಅವರು ಬಳಸಿದ್ದು ಹೀಲಿಯಂ.

ಪುಸ್ತಕ ಇಷ್ಟು ಕೊಟ್ಟಿತು. ಉಳಿದದ್ದನ್ನು ಕೊಟ್ಟವರು ನಮ್ಮ ಬೀದಿಯ ಮೇಸ್ತ್ರಿ. ಬೀದಿಯವರೆಲ್ಲ ಅವರನ್ನು ಕರೆಯುವುದು ಹಾಗೆಯೇ. ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ ವೆಲ್ಡರ್ ಆಗಿ ಆಯುಷ್ಯ ಕಳೆದವರು. 1960ರಿಂದ ದೇಶದ ಎಷ್ಟೋ ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ಕಾರ್ಖಾನೆ ಅದು. ಅದನ್ನು ಮುಚ್ಚುವ ತೀರ್ಮಾನ 2015ರ ಕೊನೆಯಲ್ಲಿ ಆಯಿತು. ಕಾರ್ಖಾನೆ ಮುಚ್ಚಿದಾಗ ಯಂತ್ರಗಳಿಗೆ ಲೆಕ್ಕ ಇರುತ್ತದೆ, ಕೈಗಳಲ್ಲಿದ್ದ ವಿದ್ಯೆಗೆ ಇರುವುದಿಲ್ಲ. ಈ ಊರು ಅದಕ್ಕಾಗಿ ಇನ್ನಷ್ಟು ದುಃಖಪಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮೇಸ್ತ್ರಿಯವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಬೆಳಕು ನೋಡುವಂತಿಲ್ಲ. ಶೆಡ್ಡಿನ ಹೊರಗೆ ಸ್ಟೂಲು ಹಾಕಿಕೊಂಡು ನನಗೆ ಬೆನ್ನು ಮಾಡಿ ಕೂರುತ್ತಿದ್ದರು. ಕಿವಿಯಿಂದಲೇ ಪಾಠ. ಟಿಗ್ ಕಿಡಿ ಸರಿಯಿದ್ದರೆ ಹೆಚ್ಚೂಕಡಿಮೆ ಮೌನ, ಅನಿಲದ ಸಣ್ಣ ಸುಯ್ಯಿ ಮಾತ್ರ. ಸೂಜಿ ಕರಗಿದ ಲೋಹಕ್ಕೆ ತಾಗಿದರೆ ಚಟ್ ಎನ್ನುತ್ತದೆ. ತಗಡಿನ ಮೇಲೆ ಎಣ್ಣೆಯೋ ತುಕ್ಕೋ ಇದ್ದರೆ ಒಗ್ಗರಣೆಯ ಹಾಗೆ ಸಿಡಿಯುತ್ತದೆ. “ಮುಳುಗಿಸಿದಿ. ನಿಲ್ಸು, ತಗದು ಸಾಣಿ ಹಿಡಿ” ಎನ್ನುತ್ತಿದ್ದರು, ತಿರುಗಿ ನೋಡದೆ. ಮೊದಲ ತಿಂಗಳು ದಿನಕ್ಕೆ ಹತ್ತು ಹದಿನೈದು ಸಲ ಸಾಣೆ ಹಿಡಿದೆ. ಸಾಣೆಯ ಗೀರು ಸೂಜಿಯ ಉದ್ದಕ್ಕೇ ಬರಬೇಕು. ಅಡ್ಡ ಗೀರು ಬಿದ್ದರೆ ಕಿಡಿ ಅಲೆದಾಡುತ್ತದೆ. ಅಂಗಡಿಯವರು ಮೊದಲು ಕೊಟ್ಟದ್ದು ಕೆಂಪು ತುದಿಯ ಸೂಜಿ. ಅದರಲ್ಲಿ ಶೇಕಡಾ ಎರಡರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ, ಅದು ವಿಕಿರಣಶೀಲ. ಹಾಗೇ ಹಿಡಿದರೆ ಭಯವಿಲ್ಲ, ಸಾಣೆಯ ದೂಳು ಶ್ವಾಸಕ್ಕೆ ಹೋಗಬಾರದು. ಸಾಣೆಯ ಮುಂದೆಯೇ ದಿನ ಕಳೆಯುವ ಕಲಿಯುವವರಿಗೆ ಅದು ಬೇಡವೇ ಬೇಡ. ಲ್ಯಾಂಥನಂ ಸೇರಿಸಿದ ಸೂಜಿಗೆ ಬದಲಾಯಿಸಿಕೊಂಡೆ.

ಆದರೆ ಅದಕ್ಕೂ ಮೊದಲು ಒಂದು ವಾರ ನಾನು ಪಟ್ಟ ಪಾಡನ್ನು ಹೇಳಬೇಕು. ಏನು ಮಾಡಿದರೂ ಬೆಸುಗೆ ಮಸಿ. ಸೂಜಿಯ ತುದಿ ಉರುಟಾಗಿ, ಅದರ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿ. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೇಸ್ತ್ರಿ ಸೂಜಿಯನ್ನು ಬೆರಳ ಸಂದಿನಲ್ಲಿ ತಿರುಗಿಸಿ, “ತಮ್ಮಾ, ಇದು ಕೈ ತಪ್ಪಲ್ಲ. ಸಿಲಿಂಡರಿನ ಚೀಟಿ ಓದು” ಎಂದರು. ಓದಿದೆ. ಆರ್ಗಾನ್ ಜತೆಗೆ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಅನಿಲ ಅದು. ತಂತಿ ತಾನೇ ಸುರುಳಿಯಿಂದ ಬರುವ ಮಿಗ್ ವೆಲ್ಡಿಂಗಿಗೆ ಅದು ಒಳ್ಳೆಯದು, ಇಲ್ಲಿ ವಿಷ. ಕಾದ ಟಂಗ್‌ಸ್ಟನ್‌ಗೆ ಅದರಲ್ಲಿನ ಆಕ್ಸಿಜನ್ ಅಂಟಿ ಆಕ್ಸೈಡ್ ಆಗುತ್ತಿತ್ತು. ಹಳದಿ ಪುಡಿ ಕಂಡ ಕೂಡಲೇ ರಸಾಯನಶಾಸ್ತ್ರದವನಿಗೆ ಹೊಳೆಯಬೇಕಿತ್ತು. ಪುಸ್ತಕದ ಜ್ಞಾನ ಕೈಗೆ ಇಳಿಯಲು ಎಷ್ಟು ದೂರ ನಡೆಯಬೇಕು ಎಂಬುದು ಅವತ್ತು ಗೊತ್ತಾಯಿತು. ಸಿಲಿಂಡರು ಬದಲಿಸಿ ಹಾಕಿದ ಮೊದಲ ಗೆರೆ ಬೆಳ್ಳಿಯಂತೆ ಹೊಳೆಯಿತು. ನಾನು ಟಾರ್ಚು ಕೆಳಗಿಟ್ಟು ಸುಮ್ಮನೆ ಅದನ್ನೇ ನೋಡುತ್ತ ಕೂತೆ.

ಕೆಂಪು ದೂಳಿನ ಪಾಠ ಸಂಡೂರಿನದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ದಾರಿಯಲ್ಲಿ ಟಿಪ್ಪರ್ ರಿಪೇರಿಯ ವರ್ಕ್‌ಶಾಪಿನಲ್ಲಿದ್ದಾನೆ. ಅಭ್ಯಾಸಕ್ಕೆಂದು ಸ್ಟೇನ್‌ಲೆಸ್ ತುಂಡುಗಳನ್ನು ಚೀಲದಲ್ಲಿ ತುಂಬಿ ಕೊಟ್ಟ. ಅದಿರಿನ ಲಾರಿಗಳು ಓಡಾಡುವ ಆ ದಾರಿಯಲ್ಲಿ ಎಲೆ, ಗೋಡೆ, ಚಹಾದ ಲೋಟ ಎಲ್ಲದರ ಮೇಲೂ ಕೆಂಪು. ತುಂಡುಗಳನ್ನು ಬಟ್ಟೆಯಲ್ಲಿ ಒರೆಸಿ, ಮನೆಯಲ್ಲಿ ಗೇಟು ಉಜ್ಜುವ ತಂತಿ ಬ್ರಶ್ಶಿನಿಂದಲೇ ಉಜ್ಜಿ ಬೆಸೆದಿಟ್ಟೆ. ಜೂನಿನ ಮೊದಲ ಮಳೆಗೆ ಬೆಸುಗೆಯ ಸುತ್ತ ಕಂದು ಚುಕ್ಕೆಗಳು. ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಬ್ರಶ್ಶಿನಿಂದ ಕಬ್ಬಿಣದ ಕಣ ಅಂಟಿತೆಂದರೆ ಅಲ್ಲಿಂದಲೇ ತುಕ್ಕು ಶುರು. ಈಗ ಸ್ಟೀಲಿಗೆ ಬೇರೆ ಬ್ರಶ್ಶು, ಬೇರೆ ಸಾಣೆಚಕ್ರ, ಅವನ್ನಿಡಲು ಬೇರೆ ಡಬ್ಬಿ. ಮನೆಯಲ್ಲಿ ಮಡಿ ಪಾತ್ರೆಗಳನ್ನು ಬೇರೆ ಇಡುತ್ತಿದ್ದ ಅಜ್ಜಿಯ ಶಿಸ್ತು ನನಗೆ ಈ ಕೆಲಸದಲ್ಲಿ ನೆನಪಾಗುತ್ತದೆ.

ಕೊನೆಗೆ ಅಸಿಟೋನಿನಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆಯೇ ಕಿಡಿ. ಇಲ್ಲೊಂದು ಮಾತನ್ನು ಯಾರೂ ಮರೆಯಬಾರದು: ಗ್ಯಾರೇಜುಗಳಲ್ಲಿ ಬ್ರೇಕು ತೊಳೆಯುವ ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಇರುವ ದ್ರಾವಕಗಳಿರುತ್ತವೆ. ಅವು ತಗಡಿನ ಮೇಲೆ ಉಳಿದು ಕಿಡಿಯ ಶಾಖ, ಬೆಳಕು ತಾಗಿದರೆ ಫಾಸ್ಜೀನ್ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದು. ಆರ್ಗಾನ್ ಕೂಡ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ನೆಲದ ಮಟ್ಟಕ್ಕೆ ತುಂಬಿಕೊಂಡು ಉಸಿರಿನ ಗಾಳಿಯನ್ನು ತಳ್ಳಿಬಿಡುತ್ತದೆ. ಫ್ಯಾನು ಬೇಡ, ಆದರೆ ಬಾಗಿಲು ತೆರೆದಿರಬೇಕು. ಹೆಲ್ಮೆಟ್ಟು, ಕೈಗವಸು ಇದ್ದೂ ಒಮ್ಮೆ ಕುತ್ತಿಗೆಯ ಹಿಂಭಾಗ ಸುಟ್ಟುಕೊಂಡೆ. ಬೆನ್ನ ಹಿಂದಿನ ಹೊಸ ತಗಡಿನ ಗೋಡೆ ಕಿಡಿಯ ಬೆಳಕನ್ನು ವಾಪಸು ಎರಚುತ್ತಿತ್ತು. ಅಲ್ಲಿ ಈಗ ದಪ್ಪ ಗೋಣಿ ತಟ್ಟು ನೀರಿನಲ್ಲಿ ನೆನೆಸಿ ಇಳಿಬಿಟ್ಟಿದ್ದೇನೆ.

ಕೈ ಪಳಗಿದ್ದು ಜುಲೈ ಹೊತ್ತಿಗೆ. ಸೂಜಿಗೂ ತಗಡಿಗೂ ನಡುವೆ ಸೂಜಿಯ ದಪ್ಪದಷ್ಟೇ ಸಂದು, ಅಂದರೆ ಒಂದೂವರೆ ಮಿಲಿಮೀಟರಿನ ಆಸುಪಾಸು. ಲೋಹ ಕರಗಿ ಕೆರೆಯಾಗಲು ಬಿಡು, ತಂತಿ ಮುಟ್ಟಿಸು, ತೆಗೆ, ಮುಂದೆ ಸರಿ. ತಂತಿಯ ತುದಿ ಹಿಂದೆ ಬಂದರೂ ಆರ್ಗಾನಿನ ಕೊಡೆಯೊಳಗೇ ಇರಬೇಕು. ಉಸಿರನ್ನು ಬಿಗಿ ಹಿಡಿಯಬಾರದು. ಇದನ್ನು ಬರೆದು ಕಲಿಸಲಾಗದು. ಆದರೆ ನನಗೆ ಬಹಳ ದಿನ ಬಗೆಹರಿಯದೆ ಉಳಿದದ್ದು ಬೆಸುಗೆಯ ಕೊನೆ. ಗೆರೆಯಿಡೀ ಚಂದ, ಕೊನೆಯ ಚುಕ್ಕೆ ಮಾತ್ರ ಕಪ್ಪು, ಅದರ ನಡುವೆ ಕೂದಲಿನಂಥ ಬಿರುಕು. ಕಿಡಿ ಆರಿದ ಕೂಡಲೇ ನಾನು ಟಾರ್ಚು ಎತ್ತಿಬಿಡುತ್ತಿದ್ದೆ, ಕೆಲಸ ಮುಗಿಯಿತೆಂದು. ಹೊರಗಿನಿಂದ ದನಿ ಬಂತು: “ಕೈ ಎತ್ತಬ್ಯಾಡ. ಬೆಂಕಿ ಆರೈತಿ, ಕೆಲಸ ಇನ್ನೂ ಐತಿ.” ಕಿಡಿ ಆರಿದ ಮೇಲೂ ಅನಿಲ ಬರುತ್ತಿರುತ್ತದೆ. ಕೆಂಪಗೆ ಕಾದ ಬೆಸುಗೆ ತಣಿಯುವವರೆಗೆ, ಬಿಳಿ ಕಾವಿನ ಸೂಜಿ ತಣಿಯುವವರೆಗೆ ಅದು ಮೇಲೆ ನಿಲ್ಲಬೇಕು. ಹತ್ತು ಆಂಪಿಯರಿಗೆ ಒಂದು ಸೆಕೆಂಡು ಎಂಬುದು ಲೆಕ್ಕ. ನಾನು ಎಂಟಕ್ಕೆ ಇಟ್ಟೆ. ಬಿರುಕಿಗೆ ಮದ್ದು ಬೇರೆ: ಕರೆಂಟನ್ನು ಒಮ್ಮೆಲೇ ಕಡಿಯದೆ ಇಳಿಸುತ್ತ ಬಂದು, ಕೊನೆಯ ಗುಳಿಗೆ ಇನ್ನೊಂದು ಹನಿ ತಂತಿ ಕೊಡುವುದು. ಅಲುಗದೆ ಎಂಟು ಎಣಿಸುತ್ತ ಕೂರುವುದು ನನಗೆ ಬೆಸುಗೆಗಿಂತ ಕಷ್ಟವಾಯಿತು.

ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಮರುದಿನ ಬೆಳಗಿನ ಪಾಠವಿರಲಿಲ್ಲ. ಮೇಸ್ತ್ರಿ ಕಟ್ಟೆಯ ಮೇಲೆ ಕೂತು ಫೋನು ಕಿವಿಗೆ ಹಿಡಿದಿದ್ದರು. ಕಂಪ್ಲಿಯಿಂದ ಅಕ್ಕ, ಭಾವ ಗಳಿಗೆಗೊಮ್ಮೆ ಕರೆ ಮಾಡುತ್ತಿದ್ದರು. ನದಿ ದಂಡೆಯ ಭಯ ಒಂದು ಕಡೆ, ನೀರು ಖಾಲಿಯಾದರೆ ಭತ್ತದ ಗತಿಯೇನು ಎಂಬ ಭಯ ಇನ್ನೊಂದು ಕಡೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಹೊಸಪೇಟೆಯ ಶೆಡ್ಡುಗಳಲ್ಲಿ, ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ ಹಗಲೂ ರಾತ್ರಿ ತಡೆಹಲಗೆಗಳ ಕೆಲಸ ನಡೆಯಿತು. ಹರಿಯುವ ನೀರಿನಲ್ಲೇ ಅವನ್ನು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಅರವತ್ತಡಿ ಅಗಲದ ಬಾಯಿ ಅದು. ಅಲ್ಲಿನ ಬೆಸುಗೆ ನನ್ನ ಸೂಜಿಯ ಕೆಲಸವಲ್ಲ, ದಪ್ಪ ಉಕ್ಕಿನದು. ಆದರೂ ಆ ವಾರ ಬೀದಿಯಲ್ಲಿ ರಾತ್ರಿ ದೂರದ ನೀಲಿ ಬೆಳಕು ಕಂಡಾಗಲೆಲ್ಲ ನನಗೆ ಗಂಟಲು ಕಟ್ಟುತ್ತಿತ್ತು.

ಕೈಕೆಲಸ ಕಲಿತ ಮೇಲೆ, ಹಂಪಿಗೆ ಹೋದಾಗ ನನ್ನ ಕಣ್ಣು ಗುಡಿಗಳಿಗಿಂತ ಬಂಡೆಗಳ ಮೇಲೆ ನಿಲ್ಲುತ್ತದೆ. ಕಮಲಾಪುರದ ದಾರಿಯಲ್ಲೂ ಬಂಡೆಗಳ ಮೇಲೆ ಚೌಕ ತೂತುಗಳ ಸಾಲು ಕಾಣುತ್ತದೆ, ಕಲ್ಲು ಸೀಳಲು ತೋಡಿದವು. ಕೆಲವು ಬಂಡೆಗಳಲ್ಲಿ ಸಾಲು ಅರ್ಧಕ್ಕೇ ನಿಂತಿದೆ. ಯಾರೋ ಅಳೆದು, ತೋಡಿ, ಯಾಕೋ ಕೈಬಿಟ್ಟ ಗುರುತು. ವಿಠ್ಠಲನ ಗುಡಿಯ ಕಂಬಗಳಷ್ಟೇ ಅವೂ ನನಗೆ ದೊಡ್ಡವಾಗಿ ಕಾಣುತ್ತವೆ.

ಅಕ್ಟೋಬರಿನಲ್ಲಿ ಪಾತ್ರೆ ಕೈಗೆತ್ತಿಕೊಂಡೆ. ತಗಡು ಒಂದು ಮಿಲಿಮೀಟರೂ ಇಲ್ಲ, 35 ಆಂಪಿಯರ್ ಸಾಕು. ಸ್ಟೇನ್‌ಲೆಸ್ ಶಾಖವನ್ನು ಬೇಗ ಹಂಚುವುದಿಲ್ಲ, ಹಿಗ್ಗುವುದು ಮಾತ್ರ ಕಬ್ಬಿಣಕ್ಕಿಂತ ಹೆಚ್ಚು. ಹಾಗಾಗಿ ಒಂದೇ ಎಳೆತಕ್ಕೆ ಹೋಗದೆ ಅಂಗುಲಕ್ಕೊಂದು ಚುಕ್ಕೆ ಹಾಕಿ, ತಣಿಸಿ, ಸಂದು ತುಂಬುತ್ತ ಹೋಗಬೇಕು. ರಾಡಿನಿಂದ ಬಿದ್ದ ತೂತಿಗೆ ಅದೇ ದಪ್ಪದ ತುಂಡು ಕತ್ತರಿಸಿ ಕೂರಿಸಿದೆ. ಮುಖ್ಯವಾದದ್ದು ಒಳಮೈ. ಹೊರಗೆ ಎಷ್ಟು ಚಂದ ಬೆಸೆದರೂ ಹಿಂಬದಿಗೆ ಆರ್ಗಾನ್ ಇಲ್ಲದಿದ್ದರೆ ಅಲ್ಲಿ ಲೋಹ ಸುಟ್ಟು, ಕಪ್ಪು ಸಕ್ಕರೆಯ ಹರಳು ಮೆತ್ತಿದಂತೆ ಒರಟಾಗುತ್ತದೆ. ಅನ್ನದ ಪಾತ್ರೆಯಲ್ಲಿ ಅಂಥ ಜಾಗ ಉಳಿಯಲೇಬಾರದು. ಅಲ್ಲಿ ಹಿಟ್ಟು ಕೂತು ಹುಳಿಯುತ್ತದೆ, ತುಕ್ಕೂ ಹಿಡಿಯುತ್ತದೆ. ಪಾತ್ರೆಯ ಬಾಯಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಒಂದು ನಳಿಕೆಯಿಂದ ಒಳಗೂ ಆರ್ಗಾನ್ ಬಿಟ್ಟೆ, ಮೇಲೊಂದು ಸಣ್ಣ ತೂತು ಗಾಳಿ ಹೊರಹೋಗಲಿಕ್ಕೆ. ಹದಿನೈದು ನಿಮಿಷ ಕಾದೆ. ಅರ್ಧ ಸಿಲಿಂಡರು ಅದಕ್ಕೇ ಖರ್ಚಾಯಿತು.

ಮುಗಿದ ಮೇಲೆ ನೀರು ತುಂಬಿ ರಾತ್ರಿಯಿಡೀ ಕಾಗದದ ಮೇಲಿಟ್ಟೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಮೇಸ್ತ್ರಿ ಬಂದು, ಹೊರಗಿನ ಗೆರೆಯನ್ನು ಮುಟ್ಟಲೂ ಇಲ್ಲ. ನೀರು ಚೆಲ್ಲಿಸಿ, ತೋಳು ಮೇಲಕ್ಕೆ ಮಡಚಿ, ಕೈಯನ್ನು ಪಾತ್ರೆಯೊಳಗೆ ಇಳಿಸಿದರು. ಹೆಬ್ಬೆರಳ ಉಗುರು ತಳದ ಅಂಚಿನ ಸುತ್ತ ನಿಧಾನ ಸರಿಯಿತು. ಒಂದು ಕಡೆ ನಿಂತಿತು.

“ಇಲ್ಲಿ?”

“ಅಲ್ಲಿ ಬೆಸೆಯುವಾಗ ಅಲ್ಯೂಮಿನಿಯಂ ಹಾಳೆ ಬಿಟ್ಟುಕೊಂಡಿತ್ತು, ಮೇಸ್ತ್ರಿ. ಕಾಲಂಗುಲದಷ್ಟು.”

“ಉಜ್ಜು” ಎಂದರು. ಸ್ಟೀಲಿನ ಡಬ್ಬಿಯಿಂದ ಅದರದೇ ಚಕ್ರ ತೆಗೆದು, ಉಗುರು ಸಿಗದಷ್ಟು ನುಣುಪಾಗುವವರೆಗೆ ಉಜ್ಜಿದೆ. ಮಧ್ಯಾಹ್ನದ ಬಸ್ಸಿಗೆ ಪಾತ್ರೆ ಕಂಪ್ಲಿಗೆ ಹೋಯಿತು.