ಕೋಶಗಳ ನೆರೆಹೊರೆ

ಹಿಂದೆ ಹಳ್ಳಿಗಳಲ್ಲಿ ಒಲೆ ಹೊತ್ತಿಸಲು ನೆರೆಮನೆಯಿಂದ ಕೆಂಡ ತರುತ್ತಿದ್ದರು. ಹೆಪ್ಪಿಗೆ ಬೇಕಾದ ಮಜ್ಜಿಗೆಯು ಗೋಡೆಯ ಕಿಂಡಿಯಿಂದಲೇ ಕೈಸೇರುತ್ತಿತ್ತು. ನಮ್ಮ ಶರೀರದ ಜೀವಕೋಶಗಳ ನಡುವೆಯೂ ಇಂತಹ ಕಿಂಡಿಗಳುಂಟು. ಕನೆಕ್ಸಿನ್ ಎಂಬ ಪ್ರೋಟೀನಿನ ಆರು ಅಣುಗಳು ವರ್ತುಲವಾಗಿ ಕೂಡಿ ಅರ್ಧ ನಾಳವಾಗುತ್ತವೆ. ನೆರೆಯ ಕೋಶದ ಅರ್ಧ ನಾಳವು ಇದಕ್ಕೆ ಹೊಂದಿಕೊಂಡಾಗ ದಾರಿಯು ಪೂರ್ಣವಾಗುತ್ತದೆ. ಈ ದಾರಿಯಲ್ಲಿ ಅಯಾನುಗಳೂ ಸಣ್ಣ ಅಣುಗಳೂ ಹಾಯಬಲ್ಲವು. ದೊಡ್ಡ ಪ್ರೋಟೀನುಗಳು ಹಾಯಲಾರವು.

ಈ ನೆರೆಹೊರೆಯ ವ್ಯವಹಾರಕ್ಕೂ ಕ್ಯಾನ್ಸರಿನ ಚಿಕಿತ್ಸೆಗೂ ಏನು ಸಂಬಂಧ? ವೃಷಣದ ಕ್ಯಾನ್ಸರನ್ನು ನೋಡೋಣ. ಇದು ಹೆಚ್ಚಾಗಿ ತರುಣರನ್ನು ಹಿಡಿಯುವ ರೋಗ. 1970ರ ದಶಕದ ಆರಂಭದಲ್ಲಿ, ಇದು ದೇಹದಲ್ಲಿ ಹರಡಿದ ಮೇಲೆ ಬದುಕುಳಿಯುತ್ತಿದ್ದವರು ವಿರಳ.

1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಅವರು ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಪರೀಕ್ಷಿಸುತ್ತಿದ್ದರು. ಬ್ಯಾಕ್ಟೀರಿಯಾಗಳು ವಿಭಜನೆಯಾಗದೆ ಎಳೆಗಳಂತೆ ಉದ್ದವಾದವು. ಕಾರಣ ವಿದ್ಯುತ್ತಲ್ಲ, ವಿದ್ಯುದ್ವಾರದ ಪ್ಲಾಟಿನಮ್‌ನಿಂದ ಉಂಟಾದ ಸಂಯುಕ್ತಗಳು. ಹೀಗೆ ಸಿಸ್‌ಪ್ಲಾಟಿನ್ ಔಷಧವು ಬೆಳಕಿಗೆ ಬಂದಿತು. 1974ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯದ ಲಾರೆನ್ಸ್ ಐನ್‌ಹಾರ್ನ್ ಅವರು ಇದನ್ನು ವಿನ್‌ಬ್ಲಾಸ್ಟಿನ್ ಹಾಗೂ ಬ್ಲಿಯೋಮೈಸಿನ್‌ಗಳೊಡನೆ ಸೇರಿಸಿ ಕೊಟ್ಟರು. ಸಿಸ್‌ಪ್ಲಾಟಿನ್ ಡಿಎನ್‌ಎಯ ಎಳೆಗಳನ್ನು ಬೆಸೆಯುತ್ತದೆ. ಬ್ಲಿಯೋಮೈಸಿನ್ ಅವನ್ನು ತುಂಡರಿಸುತ್ತದೆ. ವಿನ್‌ಬ್ಲಾಸ್ಟಿನ್ ಕೋಶವಿಭಜನೆಯನ್ನೇ ತಡೆಯುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬಂತೆ, ಒಂದೊಂದೇ ಔಷಧದಿಂದ ಆಗದ ಕಾರ್ಯವು ಮೂರರ ಕೂಟದಿಂದ ಸಾಧ್ಯವಾಯಿತು. ಮುಂದೆ ವಿನ್‌ಬ್ಲಾಸ್ಟಿನ್‌ನ ಸ್ಥಾನಕ್ಕೆ ಎಟೊಪೊಸೈಡ್ ಬಂದಿತು. ಇಂದು ಹರಡಿದ ರೋಗವುಳ್ಳವರಲ್ಲಿಯೂ ಬಹುಪಾಲು ಮಂದಿ ಗುಣಹೊಂದುತ್ತಾರೆ.

ಆದರೂ ಕೆಲವರಲ್ಲಿ ಔಷಧವು ಸೋಲುತ್ತದೆ. ಇದರ ಕಾರಣಗಳನ್ನು ಅರಸುವಾಗ ವಿಜ್ಞಾನಿಗಳ ದೃಷ್ಟಿಯು ಈ ಕಿಂಡಿಗಳ ಕಡೆಗೂ ಹರಿಯಿತು. ಪ್ರಯೋಗಶಾಲೆಯಲ್ಲಿ ಬೆಳೆಸಿದ ವೃಷಣದ ಕ್ಯಾನ್ಸರ್ ಕೋಶಗಳಲ್ಲಿ ಕಿಂಡಿಗಳು ತೆರೆದಿದ್ದಾಗ ಸಿಸ್‌ಪ್ಲಾಟಿನ್‌ನಿಂದ ಹೆಚ್ಚು ಕೋಶಗಳು ಸತ್ತವು, ಮುಚ್ಚಿದಾಗ ಕಡಿಮೆ. ಪೆಟ್ಟುತಿಂದ ಕೋಶದಿಂದ ಸಾವಿನ ಸಂಕೇತವು ನೆರೆಯ ಕೋಶಕ್ಕೂ ದಾಟುತ್ತದೆಂದು ಇದರಿಂದ ತಿಳಿಯಬಹುದು. ಸೋಜಿಗವೆಂದರೆ, ವೃಷಣದ ಆರೋಗ್ಯವಂತ ಕೋಶಗಳಲ್ಲಿ ಅದೇ ಕಿಂಡಿಗಳು ರಕ್ಷಣೆಯನ್ನು ನೀಡಿದವು. ನೆರೆಮನೆಯ ಕೆಂಡವು ಒಲೆಯನ್ನೂ ಹೊತ್ತಿಸಬಲ್ಲದು, ಮನೆಯನ್ನೂ ಸುಡಬಲ್ಲದು. ಆದುದರಿಂದ ಔಷಧಗಳನ್ನು ಜೊತೆಗೂಡಿಸುವಾಗ, ಒಂದು ಔಷಧವು ಈ ಕಿಂಡಿಗಳನ್ನು ಮುಚ್ಚಿ ಇನ್ನೊಂದರ ಬಲವನ್ನು ಕುಗ್ಗಿಸುವುದೇ ಎಂಬುದನ್ನೂ ವಿಚಾರಿಸಬೇಕಾಗಿದೆ. ಇವು ಪ್ರಯೋಗಶಾಲೆಯ ಫಲಗಳು. ರೋಗಿಯ ಹಾಸಿಗೆಯವರೆಗೆ ಇನ್ನೂ ದೂರವಿದೆ.

ಈ ರೋಗವು ಅನೇಕ ವೇಳೆ ನೋವಿಲ್ಲದ ಗಂಟಾಗಿ ಮೊದಲು ಕಾಣಿಸಿಕೊಳ್ಳುತ್ತದೆ. ಗಂಟೆಲ್ಲವೂ ಕ್ಯಾನ್ಸರಲ್ಲ. ಆದರೆ ನಾಚಿಕೆಯಿಂದ ಅದನ್ನು ಮುಚ್ಚಿಡದೆ ಹಿರಿಯರಿಗೂ ವೈದ್ಯರಿಗೂ ಕೂಡಲೆ ತಿಳಿಸುವುದು ವಿವೇಕ. ಬೇಗ ತಿಳಿದ ರೋಗವನ್ನು ಗುಣಪಡಿಸುವುದು ಸುಲಭ.