ಕಡ್ಡಾಯ ಪತ್ರಿಕೆಯ ತರಗತಿಯಲ್ಲಿ ಕೂರುವ ಬಗೆ



ಮಂಗಳೂರಿನ ಪದವಿ ಕಾಲೇಜುಗಳಲ್ಲಿ ವಿದ್ಯಾರ್ಥಿ ತಾನೇ ಆರಿಸಿಕೊಂಡ ವಿಷಯಗಳ ಜೊತೆಗೆ ಸಂವಿಧಾನ, ಪರಿಸರ ಅಧ್ಯಯನದಂಥ ಪತ್ರಿಕೆಗಳನ್ನೂ ಓದಬೇಕಾಗುತ್ತದೆ. ಪರಿಸರ ಅಧ್ಯಯನ ಹೀಗೆ ಒಳಬಂದದ್ದು ವಕೀಲ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರಲ್ಲಿ ಕೊಟ್ಟ ಆದೇಶದಿಂದ. ಇಂಥ ಪತ್ರಿಕೆಗಳಿಗೆ ಎರಡು ಮೂರು ಸೆಕ್ಷನ್ನುಗಳನ್ನು ಒಂದೇ ಹಾಲಿನಲ್ಲಿ ಕೂರಿಸುವುದುಂಟು. ಹಾಜರಿ ಶೇ. 75 ಇರಲೇಬೇಕು. ಅಂದರೆ 45 ತರಗತಿಗಳ ಪತ್ರಿಕೆಯಲ್ಲಿ 34ಕ್ಕಾದರೂ ಹೋಗಬೇಕು. ಬಂಕ್ ಮಾಡಿ ಉಳಿಸಿಕೊಳ್ಳಬಹುದಾದದ್ದು ಮಿಕ್ಕ ಕೆಲವೇ ತರಗತಿಗಳ ಸಮಯ. ಹೋಗಲೇಬೇಕಾದ ಗಂಟೆಗಳನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದೇ ನಿಜವಾದ ಪ್ರಶ್ನೆ.

ಒಬ್ಬರು ನಿಂತು ಹೇಳುವುದು, ನೂರು ಜನ ಬರೆದುಕೊಳ್ಳುವುದು ಮುದ್ರಣವಿಲ್ಲದ ಕಾಲದ ಪದ್ಧತಿ. ಪುಸ್ತಕ ಕೈಗೆ ಬಂದ ಮೇಲೂ ಅದು ಉಳಿಯಿತು. 2014ರಲ್ಲಿ ಸಂಶೋಧಕ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪಾಠಗಳ ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾದವರು ಸುಮಾರು ಶೇ. 34, ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚಿದ ತರಗತಿಗಳಲ್ಲಿ ಶೇ. 22. ಆದ್ದರಿಂದ ಪಾಠ ಬೋರ್ ಅನಿಸಿದರೆ ಅದು ವಿದ್ಯಾರ್ಥಿಯ ಸೋಮಾರಿತನವೇ ಆಗಿರಬೇಕೆಂದಿಲ್ಲ.

ಬೇಸರಕ್ಕೆ ಈ ಊರಿನದೇ ಆದ ಕಾರಣಗಳೂ ಇವೆ. ಉಪ್ಪಳ, ಮಂಜೇಶ್ವರದಿಂದ ಬೆಳಗಿನ ರೈಲಿನಲ್ಲಿ, ಬಂಟ್ವಾಳ, ಪುತ್ತೂರು ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಹುಡುಗ ಹುಡುಗಿಯರು ಎಷ್ಟೋ ಮಂದಿ. ನಸುಕಿಗೆ ಎದ್ದವರಿಗೆ ಊಟದ ನಂತರದ ಪೀರಿಯಡ್ಡಿನಲ್ಲಿ, ಆ ಸೆಕೆಯಲ್ಲಿ, ಕಣ್ಣು ಎಳೆಯದಿದ್ದರೆ ಆಶ್ಚರ್ಯ. ಅದಕ್ಕಿಂತ ದೊಡ್ಡ ಕಾರಣ ಭಾಷೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಮಲಯಾಳ, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಬಂದೊಡನೆ ಇಂಗ್ಲಿಷಿನಲ್ಲಿ ಡಿಕ್ಟೇಶನ್. ಮೊದಲ ಹತ್ತು ನಿಮಿಷದಲ್ಲಿ ಎರಡು ಪಾರಿಭಾಷಿಕ ಪದಗಳು ತಪ್ಪಿಹೋದರೆ ಉಳಿದದ್ದೆಲ್ಲ ಗೊಣಗಾಟದಂತೆ ಕೇಳಿಸುತ್ತದೆ. ಬೇಸರವೆಂದು ಕರೆಯುವುದರಲ್ಲಿ ಬಹುಪಾಲು ಅರ್ಥವಾಗದಿರುವಿಕೆಯೇ. ಇದು ಗೊತ್ತಾದರೆ ಮದ್ದು ಸುಲಭ. ಹಿಂದಿನ ರಾತ್ರಿ ಆ ಅಧ್ಯಾಯದ ನಾಲ್ಕು ಪುಟ ತಿರುವಿ, ತಿಳಿಯದ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದಿಟ್ಟುಕೊಂಡು ಬಂದವರಿಗೆ ಅದೇ ಪಾಠ ಬೇರೆಯಾಗಿ ಕೇಳಿಸುತ್ತದೆ.

ಆ ಪುಟಗಳ ಆಚೆ ಇರುವ ಮಂಗಳೂರನ್ನೂ ಪಾಠಕ್ಕೆ ಸೇರಿಸಿಕೊಳ್ಳಬೇಕು. ಸಂವಿಧಾನದ ತರಗತಿಯಲ್ಲಿ ವಿಧಿಗಳ ಸಂಖ್ಯೆ ಬಾಯಿಪಾಠ ಮಾಡುತ್ತ ಕೂತವರಲ್ಲಿ ಅನೇಕರಿಗೆ ಬೆನಗಲ್ ನರಸಿಂಗ ರಾಯರು ಇದೇ ಊರಿನಲ್ಲಿ 1887ರಲ್ಲಿ ಹುಟ್ಟಿದವರೆಂದು ತಿಳಿದಿರುವುದಿಲ್ಲ. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳು, 13 ಅನುಸೂಚಿಗಳು ಇದ್ದವು. ಡಾ. ಅಂಬೇಡ್ಕರ್ ಅವರ ಕರಡು ಸಮಿತಿ ಆ ಕರಡನ್ನು ಮುಂದಿಟ್ಟುಕೊಂಡೇ ಕೆಲಸ ಮಾಡಿತು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅದನ್ನು ನೆನೆದರು. ಆ ಕರಡಿನಲ್ಲಿ ಏನಿತ್ತು, ಏನು ಬದಲಾಯಿತು ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡು ಕೂತರೂ ಸೆಮಿಸ್ಟರ್ ಪೂರ್ತಿ ಸಾಲದು.

ಪರಿಸರದ ಪಾಠದಲ್ಲಿ ಘನತ್ಯಾಜ್ಯ ನಿರ್ವಹಣೆ ಎಂಬ ಶೀರ್ಷಿಕೆಯ ಕೆಳಗೆ ಐದು ಅಂಶ ಬರೆಸಿ ಮುಗಿಸುವುದು ವಾಡಿಕೆ. ಆದರೆ 2019ರ ಆಗಸ್ಟಿನ ಮಳೆಗೆ ನಗರದಂಚಿನ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಕೆಳಗಿನ ಮಂದಾರದತ್ತ ಜಾರಿತು. ಅಡಿಕೆ, ತೆಂಗಿನ ತೋಟಗಳು ಪ್ಲಾಸ್ಟಿಕ್ಕಿನ ಅಡಿ ಮುಚ್ಚಿಹೋದವು, ಹಲವು ಕುಟುಂಬಗಳು ಮನೆ ಬಿಟ್ಟವು. ಆ ಕಸ ಇದೇ ನಗರದ ಮನೆಗಳದ್ದು, ಹಾಸ್ಟೆಲುಗಳದ್ದು. ಇಷ್ಟು ಹತ್ತಿರದ ಉದಾಹರಣೆಯನ್ನು ಅಧ್ಯಾಪಕರು ಎತ್ತದಿದ್ದರೆ ವಿದ್ಯಾರ್ಥಿಯೇ ಎತ್ತಬೇಕು. ಕೈ ಎತ್ತಿ ಕೇಳಿದ ಒಂದು ಪ್ರಶ್ನೆಯಿಂದ ನೋಟ್ಸು ಮುಚ್ಚಿಟ್ಟು ಮಾತಿಗಿಳಿಯುವ ಅಧ್ಯಾಪಕರು ಕಡಿಮೆ ಇಲ್ಲ. ಅವರಿಗೂ ಆ ಸಿಲೆಬಸ್ ಕಡ್ಡಾಯವೇ.

ನಿದ್ದೆ ತಡೆಯುವುದಕ್ಕೆ ಪೆನ್ನು ಆಡಿಸುತ್ತಿರುವುದು ಒಳ್ಳೆಯದು. ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 40 ಮಂದಿಗೆ ನೀರಸವಾದ ಫೋನ್ ಸಂದೇಶವೊಂದನ್ನು ಕೇಳಿಸಿ ಅರ್ಧ ಮಂದಿಗೆ ಕಾಗದದ ಮೇಲಿನ ಆಕೃತಿಗಳಿಗೆ ಬಣ್ಣ ತುಂಬಲು ಹೇಳಿದ್ದರು. ಹಾಗೆ ತುಂಬಿದವರು ಶೇ. 29ರಷ್ಟು ಹೆಚ್ಚು ನೆನಪಿಟ್ಟುಕೊಂಡರು. ಅಂಚಿನಲ್ಲಿ ಗೀಚುವುದು ತಪ್ಪಲ್ಲ. ಬೆಂಚಿನ ಕೆಳಗಿನ ಮೊಬೈಲು ಮಾತ್ರ ಕಿವಿಯನ್ನೂ ಕಣ್ಣನ್ನೂ ಒಟ್ಟಿಗೆ ಕಸಿಯುತ್ತದೆ. ಗೆಳೆಯನ ಪರವಾಗಿ ಪ್ರಾಕ್ಸಿ ಹೇಳುವುದು ಸುಳ್ಳು ಸಾಕ್ಷಿ, ಅದಕ್ಕೆ ಬೇರೆ ಹೆಸರಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ತರಗತಿಗಳು ಸುಧಾರಿಸುವುದಿಲ್ಲ. ಆಗ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕಾಗಿ ಅವು ಸಂಗ್ರಹಿಸುವ ವಿದ್ಯಾರ್ಥಿ ಅಭಿಪ್ರಾಯದ ಫಾರಂ ಇದೆ. ಅದರಲ್ಲಿ ಚೆನ್ನಾಗಿಲ್ಲ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಘಟಕ, ಎಷ್ಟು ಹೊತ್ತು ಬರೀ ಡಿಕ್ಟೇಶನ್ ಆಯಿತು, ಅದರ ಬದಲು ಪಚ್ಚನಾಡಿಗೆ ಅಥವಾ ನಗರಕ್ಕೆ ನೀರು ಕೊಡುವ ತುಂಬೆಯ ಅಣೆಕಟ್ಟಿಗೆ ಒಂದು ಮಧ್ಯಾಹ್ನ ಕರೆದೊಯ್ಯಬಹುದೇ ಎಂದು ಬರೆದರೆ, ಕಾಲೇಜು ಉತ್ತರಿಸಬೇಕಾದ ಪ್ರಶ್ನೆಯೊಂದು ದಾಖಲೆಯಲ್ಲಿ ಉಳಿಯುತ್ತದೆ.