ಆ್ಯಂಟಿಬಯೋಟಿಕ್ ಮಾತ್ರೆ: ಎಲ್ಲ ಜ್ವರಕ್ಕೂ ಒಂದೇ ಮದ್ದಲ್ಲ



ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಓಡಾಡುವವರು ನಾವೇ. ಡಬ್ಬಿಯಲ್ಲಿ ಹಳೆ ಮಾತ್ರೆ ಉಳಿದಿದೆಯಾ ಅಂತ ಹುಡುಕುತ್ತೇವೆ. ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳುತ್ತೇವೆ. "ನಮ್ಮ ಹುಡುಗನಿಗೆ ಇದನ್ನೇ ಕೊಟ್ಟಿದ್ರು, ಎರಡೇ ದಿನಕ್ಕೆ ವಾಸಿ ಆಯ್ತು, ತಗೊಳ್ಳಿ" ಎಂದು ಅವರೂ ಪ್ರೀತಿಯಿಂದಲೇ ಕೊಡುತ್ತಾರೆ. ಹೀಗೆ ಕೈಯಿಂದ ಕೈಗೆ ಹೋಗುವ ಮಾತ್ರೆ ಅನೇಕ ಸಲ ಆ್ಯಂಟಿಬಯೋಟಿಕ್ ಆಗಿರುತ್ತದೆ. ಅದು ದೇಹದಲ್ಲಿ ಏನು ಮಾಡುತ್ತದೆ ಎಂದು ತಿಳಿದರೆ, ಅದನ್ನು ಯಾಕೆ ಹಂಚಿಕೊಳ್ಳಬಾರದು ಎಂಬುದೂ ತಿಳಿಯುತ್ತದೆ.

ಆ್ಯಂಟಿಬಯೋಟಿಕ್ ಎಂದರೇನು?

ನಮಗೆ ಕಾಯಿಲೆ ತರುವ ರೋಗಾಣುಗಳಲ್ಲಿ ಬ್ಯಾಕ್ಟೀರಿಯಾ ಮತ್ತು ವೈರಸ್ ಮುಖ್ಯವಾದವು. ಆ್ಯಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ವೈರಸ್‌ಗೆ ಅದು ತಾಗುವುದೇ ಇಲ್ಲ. ನೆಗಡಿ, ಫ್ಲೂ, ಡೆಂಗ್ಯೂ, ಚಿಕುನ್‌ಗುನ್ಯ, ನಮ್ಮ ಮಲೆನಾಡಿನ ಮಂಗನ ಕಾಯಿಲೆ ಇವೆಲ್ಲ ವೈರಸ್‌ನಿಂದ ಬರುವಂಥವು. ಇವನ್ನು ಆ್ಯಂಟಿಬಯೋಟಿಕ್ ವಾಸಿ ಮಾಡುವುದಿಲ್ಲ. ನೆಗಡಿ ನಾಲ್ಕು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ನಾವು "ಮಾತ್ರೆಯಿಂದ ಹೋಯ್ತು" ಅಂದುಕೊಳ್ಳುತ್ತೇವೆ.

ಯಾವ ಗುಂಪು ಎಲ್ಲಿ ಹೊಡೆಯುತ್ತದೆ?

ಬ್ಯಾಕ್ಟೀರಿಯಾವನ್ನು ಒಂದು ಪುಟ್ಟ ಮನೆ ಎಂದುಕೊಳ್ಳಿ. ಅದಕ್ಕೆ ಗೋಡೆ ಇದೆ, ಅಡುಗೆಮನೆ ಇದೆ, ಮನೆ ನಡೆಸುವ ಲೆಕ್ಕದ ಪುಸ್ತಕವೂ ಇದೆ.

1. ಗೋಡೆ ಒಡೆಯುವ ಗುಂಪು: ಪೆನ್ಸಿಲಿನ್, ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಸೆಫಿಕ್ಸಿಮ್. ಇವು ರೋಗಾಣುವಿನ ಗೋಡೆ ಕಟ್ಟಲು ಬಿಡುವುದಿಲ್ಲ, ಅದು ಒಡೆದು ಸಾಯುತ್ತದೆ. ನಮ್ಮ ದೇಹದ ಜೀವಕೋಶಗಳಿಗೆ ಇಂಥ ಗೋಡೆ ಇಲ್ಲದ್ದರಿಂದ ಅವು ಉಳಿಯುತ್ತವೆ. ನ್ಯುಮೋನಿಯಾ, ಚರ್ಮದ ಕೀವು ಮುಂತಾದವಕ್ಕೆ ಈ ಗುಂಪಿನಿಂದ ಕೊಡುತ್ತಾರೆ. ಆದರೆ ಕೆಲವರಿಗೆ ಪೆನ್ಸಿಲಿನ್ ಅಲರ್ಜಿ ಇರುತ್ತದೆ. ಮೈಯೆಲ್ಲ ದದ್ದು, ಮುಖ ಊತ, ಉಸಿರುಗಟ್ಟುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

2. ಅಡುಗೆಮನೆ ನಿಲ್ಲಿಸುವ ಗುಂಪು: ಅಜಿತ್ರೋಮೈಸಿನ್, ಎರಿತ್ರೋಮೈಸಿನ್, ಡಾಕ್ಸಿಸೈಕ್ಲಿನ್. ರೋಗಾಣು ಬೆಳೆಯಲು ಬೇಕಾದ ಪ್ರೋಟೀನ್ ತಯಾರಾಗದಂತೆ ಇವು ತಡೆಯುತ್ತವೆ. ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಅದನ್ನು ತುಂಬಿದ ಲೋಟ ನೀರಿನ ಜೊತೆ ನುಂಗಬೇಕು, ಕೂಡಲೇ ಮಲಗಬಾರದು. ಹುಟ್ಟುವ ಮಗುವಿನ ಹಲ್ಲು, ಮೂಳೆಗೆ ತೊಂದರೆ ಆಗಬಹುದೆಂದು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಇದೇ ರೀತಿ ಕೆಲಸ ಮಾಡುವ ಜೆಂಟಾಮೈಸಿನ್ ಇಂಜೆಕ್ಷನ್ ಕಿಡ್ನಿಗೆ, ಕಿವಿಗೆ ಹಾನಿ ಮಾಡಬಹುದು. ಆದ್ದರಿಂದ ಅದನ್ನು ವೈದ್ಯರ ನಿಗಾದಲ್ಲೇ ಕೊಡಬೇಕು.

3. ಲೆಕ್ಕದ ಪುಸ್ತಕ ಕೆಡಿಸುವ ಗುಂಪು: ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್, ಮೆಟ್ರೋನಿಡಜೋಲ್. ರೋಗಾಣು ಒಂದು ಎರಡಾಗಲು ಬೇಕಾದ ಡಿ.ಎನ್.ಎ.ಯನ್ನು ಇವು ಕೆಡಿಸುತ್ತವೆ. ಅಮೀಬಾದಿಂದ ಬರುವ ಆಮಶಂಕೆಗೆ ಮೆಟ್ರೋನಿಡಜೋಲ್ ಕೊಡುತ್ತಾರೆ. ಅದನ್ನು ನುಂಗುವವರು ಮದ್ಯ ಮುಟ್ಟಬಾರದು.

ಇನ್ನೊಂದು ಮಾತು. ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್‌ಗಳನ್ನು ಹಾಲು, ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಿದರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ನೀವು ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ಯಾವುದನ್ನು ಯಾವಾಗ ನುಂಗಬೇಕು ಎಂದು ಕೇಳಿಕೊಳ್ಳಿ.

ಮದ್ದಿಗೆ ಬಗ್ಗದ ರೋಗಾಣು

ಹೊಲದಲ್ಲಿ ಒಂದೇ ಕೀಟನಾಶಕ ವರ್ಷ ವರ್ಷ ಹೊಡೆದರೆ ಏನಾಗುತ್ತದೆ? ಹುಳ ಸಾಯುವುದಿಲ್ಲ. ಗಟ್ಟಿ ಹುಳ ಉಳಿದು ಅದರ ಸಂತಾನವೇ ಹೆಚ್ಚುತ್ತದೆ. ರೋಗಾಣುವಿನ ಕಥೆಯೂ ಅಷ್ಟೇ. 1928ರಲ್ಲಿ ಲಂಡನ್ನಿನಲ್ಲಿ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ, 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗ, ಸಾಲದಷ್ಟು ಪ್ರಮಾಣದಲ್ಲಿ ಈ ಮದ್ದು ತೆಗೆದುಕೊಂಡರೆ ರೋಗಾಣು ಬಗ್ಗದಂತಾಗುತ್ತದೆ ಎಂದು ಎಚ್ಚರಿಸಿದ್ದರು. ಅದು ನಮ್ಮ ಕಣ್ಣೆದುರೇ ನಡೆದಿದೆ. ಒಂದು ಕಾಲಕ್ಕೆ ಟೈಫಾಯ್ಡ್‌ಗೆ ಸಿಪ್ರೋಫ್ಲಾಕ್ಸಾಸಿನ್ ಚೆನ್ನಾಗಿ ಹಿಡಿಯುತ್ತಿತ್ತು. ಈಗ ನಮ್ಮ ದೇಶದ ಬಹುಪಾಲು ಟೈಫಾಯ್ಡ್ ರೋಗಾಣುಗಳಿಗೆ ಅದು ಸರಿಯಾಗಿ ನಾಟುವುದಿಲ್ಲ.

ಕ್ಷಯರೋಗದಲ್ಲಿ ಇದು ಇನ್ನೂ ಸ್ಪಷ್ಟ. ಒಂದೇ ಮದ್ದು ಕೊಟ್ಟರೆ ರೋಗಾಣು ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಮದ್ದು, ಆಮೇಲೆ 4 ತಿಂಗಳು ಮೂರು ಮದ್ದು ಕೊಡುತ್ತಾರೆ. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಮೈ ತುಂಬಿಕೊಂಡಿತು ಎಂದು ನಿಲ್ಲಿಸಿದರೆ ಕಾಯಿಲೆ ತಿರುಗಿ ಬರಬಹುದು. ಮದ್ದಿಗೆ ಬಗ್ಗದ ಕ್ಷಯ ಮನೆಯವರಿಗೂ ಹರಡಬಹುದು. ಮೂತ್ರ ಕೆಂಪಗೆ ಹೋದರೆ ಹೆದರಬೇಡಿ, ಅದು ರಿಫಾಂಪಿಸಿನ್ ಮದ್ದಿನ ಬಣ್ಣ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ. ಅದು ನೇರ ಬ್ಯಾಂಕ್ ಖಾತೆಗೆ ಬರುತ್ತದೆ.

ನಾವು ಏನು ಮಾಡಬೇಕು?

• ಪಟ್ಟಿಯ ಹಿಂದೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು.
• ವೈದ್ಯರು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ನುಂಗಿ. ಕೆಲವಕ್ಕೆ 3 ದಿನ ಸಾಕು, ಕೆಲವಕ್ಕೆ 10 ದಿನ ಬೇಕು. ಹೆಚ್ಚು ಕಡಿಮೆ ನಾವೇ ಮಾಡುವುದು ಬೇಡ.
• ಅಲರ್ಜಿ ಆದ ಮಾತ್ರೆಯ ಹೆಸರು ಬರೆದಿಟ್ಟುಕೊಂಡು ಪ್ರತಿ ಸಲ ತೋರಿಸಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಅದನ್ನು ಮೊದಲೇ ಹೇಳಿ.
• ಮಕ್ಕಳಿಗೆ ನೀರು ಭೇದಿ ಆದರೆ ಮೊದಲು ಓ.ಆರ್.ಎಸ್. ಮತ್ತು ಜಿಂಕ್. ಎದೆಹಾಲು ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಮಗು ಸೋತು ಮಲಗಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.
• ಉಳಿದ ಮಾತ್ರೆ ಇಡಬೇಡಿ, ಇನ್ನೊಬ್ಬರಿಗೆ ಕೊಡಲೂಬೇಡಿ.

ಪಕ್ಕದ ಮನೆಗೆ ಒಂದು ಹಿಡಿ ಅಕ್ಕಿ, ಒಂದು ಲೋಟ ಹಾಲು ಧಾರಾಳವಾಗಿ ಕೊಡೋಣ. ಮಾತ್ರೆ ಕೇಳಿ ಬಂದವರ ಜೊತೆ ಮಾತ್ರ ಆರೋಗ್ಯ ಕೇಂದ್ರದ ತನಕ ನಾವೂ ನಡೆದು ಹೋಗೋಣ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯ ಡಬ್ಬಿಯಲ್ಲಿ ಕೆಂಪು ಗೆರೆಯ ಎಷ್ಟು ಪಟ್ಟಿಗಳಿವೆ? ಯಾಕೆ ಉಳಿದವು?
2. ನೆಗಡಿಗೆ ಆ್ಯಂಟಿಬಯೋಟಿಕ್ ಯಾಕೆ ಬೇಡ?
3. ನಮ್ಮ ಊರಲ್ಲಿ ಕ್ಷಯದ ಮದ್ದು ಮಧ್ಯದಲ್ಲಿ ಬಿಟ್ಟವರಿದ್ದರೆ, ಅವರಿಗೆ ಮುಜುಗರ ಆಗದ ಹಾಗೆ ಸಂಘ ಹೇಗೆ ನೆರವಾಗಬಹುದು?